ಕಾಳಿ ಹೊಳೆಯಾಚೆ ಒಂದು ವರ್ಷ

ಒಂದು ರಾಜ್ಯ ಉಂಟು ಅಂದುಕೊಳ್ಳಿ. ರಾಜಧಾನಿ ಕಾರವಾರ. ಮಹಾರಾಜರು ಬಡಗುತಿಟ್ಟು ಯಕ್ಷಗಾನದ ಒಡ್ಡೋಲಗದ ಠೀವಿಯಲ್ಲೇ ಬಂದು ಕೂತು ಕೇಳುತ್ತಾರೆ: "ಎಲೈ ಮಂತ್ರಿ, ಪ್ರಜೆಗಳೆಲ್ಲ ಕ್ಷೇಮವೇ?" "ಕ್ಷೇಮ ಪ್ರಭು, ಮಾರ್ಕೆಟ್ಟಿನಲ್ಲಿ ತಲೆ ಒಡೆಸಿಕೊಂಡವರನ್ನು ಬಿಟ್ಟು." ಒಡೆದವರು ನಾಲ್ಕು ಜನ. ಅವರಿಗೆ ಒಂದು ವರ್ಷ ನಗರದಿಂದ ಗಡೀಪಾರು. ಅಪ್ಪಣೆಯಾಯಿತು, ಚಂಡೆ ಮೊಳಗಿತು.

ಜೈಲಿಗೇ ಹಾಕಬಹುದಿತ್ತಲ್ಲ ಎನ್ನಬೇಡಿ. ಜೈಲಿಗೆ ಸಾಕ್ಷಿ ಬೇಕು, ಸಾಕ್ಷಿಗೆ ಜೀವಭಯ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಂ ಕೂಡ ಇದನ್ನು ಒಪ್ಪಿಕೊಂಡೇ ಬರೆದದ್ದು: ತಮ್ಮ ಸುರಕ್ಷತೆಯ ಭಯದಿಂದ ಸಾಕ್ಷಿಗಳು ಬಹಿರಂಗವಾಗಿ ಮುಂದೆ ಬರದಿದ್ದರೆ ಅಂಥ ಆಸಾಮಿಯನ್ನು ಹೊರಗೆ ಕಳಿಸಬಹುದು. ಅಂದರೆ ಊರನ್ನು ಅರೆಬರೆ ಹೆದರಿಸಿದವನಿಗೆ ಜೈಲು, ಪೂರ್ತಿ ಹೆದರಿಸಿದವನಿಗೆ ಬಸ್ಸು.

ಮೊದಲು ನೋಟಿಸು. ಅದರಲ್ಲಿ ಆರೋಪದ ಸ್ಥೂಲ ಸ್ವರೂಪ ಇರಬೇಕು, ದೂರಿದವರ ಗುರುತು ಇರಬಾರದು. ಗುಮಾಸ್ತನ ಪಾಡು ಇಲ್ಲಿಂದ ಶುರು. "ಸಂಜೆ ಬಂಗಡೆ ಲೆಕ್ಕದ ಜಗಳದಲ್ಲಿ ಮೂಲೆಯ ಮೀನುಗಾರ್ತಿಗೆ ಚೂರಿ ತೋರಿಸಿದ್ದು" ಎಂದು ಬರೆದರೆ ಇಡೀ ಮಾರ್ಕೆಟ್ಟಿಗೆ ಯಾರೆಂದು ಗೊತ್ತು. "ಒಂದು ದಿನ ಒಂದು ಕಡೆ ಒಬ್ಬರನ್ನು ಬೆದರಿಸಿದ್ದು" ಎಂದು ಬರೆದರೆ ನೋಟಿಸು ಅಸ್ಪಷ್ಟ ಎಂದು ವಕೀಲರು ಮೇಲ್ಮನವಿಯಲ್ಲಿ ಆದೇಶವನ್ನೇ ಬೀಳಿಸುತ್ತಾರೆ. ಗುಮಾಸ್ತ ಎರಡರ ನಡುವೆ ಒಂದು ವಾಕ್ಯ ಹುಡುಕುತ್ತ ಮೂರು ಕರಡು ಹರಿಯುತ್ತಾನೆ. ಅಷ್ಟರಲ್ಲಿ ಇನ್ನೊಂದು ತಲೆ ಒಡೆದಿರುತ್ತದೆ, ಅದನ್ನೂ ಸೇರಿಸಬೇಕು.

ಆಮೇಲೆ ಗಡಿ. ಆದೇಶದಲ್ಲಿ "ನಗರದಿಂದ" ಎಂದಿತ್ತು. ನಗರ ಕೋಡಿಬಾಗದಲ್ಲಿ ಕಾಳಿ ಹೊಳೆಗೆ ಮುಗಿಯುತ್ತದೆ. ಆಸಾಮಿ ಸೇತುವೆ ದಾಟಿ ಸದಾಶಿವಗಡದ ಚಹಾದಂಗಡಿಯ ಬೆಂಚಿನಲ್ಲಿ ಕೂತ, ಊರಿಗೆ ಮುಖ ಮಾಡಿ.

"ಏನಣ್ಣ, ಊರು ಬಿಟ್ರಾ?"

"ಎಲ್ಲಿ ಬಿಡೋದು ಮಾರಾಯ, ಎದುರಿಗೇ ಕಾಣ್ತದಲ್ಲ."

ವಸೂಲಿಗೆ ಅವನು ಬರಬೇಕಾಗಿರಲಿಲ್ಲ. ಕೊಡುವವರೇ ರಿಕ್ಷಾ ಮಾಡಿಕೊಂಡು ಸೇತುವೆ ದಾಟಿದರು. ರಿಕ್ಷಾ ಬಾಡಿಗೆ ಹೆಚ್ಚುವರಿ. ಹಳೇ ಸೇತುವೆ 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ಕುಸಿದ ಮೇಲೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ಸೇತುವೆಯಾದ್ದರಿಂದ ಕಾವಲಿಗೆ ಒಬ್ಬನೇ ಪೇದೆ ಸಾಕು, ಬೊಕ್ಕಸಕ್ಕೆ ಉಳಿತಾಯ ಎಂದು ಮಂತ್ರಿ ಬಿನ್ನವಿಸಿದರು. ಹೊಳೆಯಲ್ಲಿ ದೋಣಿ ಓಡುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಇನ್ನಷ್ಟು ಮುಂದೆ ತಳ್ಳೋಣವೆಂದರೆ ಮಾಜಾಳಿ ದಾಟಿದೊಡನೆ ಗೋವಾ. ಕಡಿಮೆ ದರದ ಬಾಟಲಿ ಸಿಗುವ ಕಡೆಗೆ ಕಳಿಸುವುದನ್ನು ಶಿಕ್ಷೆ ಎಂದು ಕರೆದವನು ಕಾರವಾರದವನಾಗಿರಲಾರ.

ಕೊನೆಗೆ ರಾಯಚೂರೇ ಸರಿ ಎಂದಾಯಿತು. ಜೊತೆಗೆ ಇಬ್ಬರು ಪೇದೆಗಳು, ಒಂದು ಜೀಪು, ಮೂವರ ಊಟ. ಮಳೆಗಾಲದಲ್ಲಿ ಆದೇಶ ಹೊರಡಿಸಬಾರದು. ಅರಬೈಲು ಘಟ್ಟದಲ್ಲಿ ಮಣ್ಣು ಜರಿದರೆ ಗಡೀಪಾರಾದವನು ಅಂಕೋಲೆಯಲ್ಲೇ ರಾಜ ಅತಿಥಿ. ರಾಯಚೂರು ಮುಟ್ಟಿದ ಮೇಲೆ ಸ್ಥಳೀಯ ಠಾಣೆಯಲ್ಲಿ ಹಾಜರಿ ಹಾಕಿಸಿ, ರಸೀದಿ ತರಬೇಕು. ರಸೀದಿ ಮುಖ್ಯ. ರಸೀದಿ ಇಲ್ಲದಿದ್ದರೆ ಆಸಾಮಿ ಕಡತದ ಪ್ರಕಾರ ಇನ್ನೂ ಜೀಪಿನಲ್ಲೇ ಇರುತ್ತಾನೆ.

ಈ ಕಡೆಯ ಅಧಿಕಾರಿಗಳಿಗೆ ಆಮೇಲೆ ಹೊಳೆದದ್ದು: ನಮ್ಮದೇ ಜಿಲ್ಲೆಯ ಜೋಯಿಡಾದ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ರಾಯಚೂರು ಬಯಲುಸೀಮೆ, ನಾಲ್ಕಕ್ಕೆ ನಾಲ್ಕೂ ಕಡ್ಡಿ. ಊರಲ್ಲಿದ್ದಾಗ ದಿನಕ್ಕೆ ಇಬ್ಬರನ್ನು ಬೆದರಿಸುತ್ತಿದ್ದವನು ಈಗ ವಿಡಿಯೊ ಕಾಲ್‌ನಲ್ಲಿ ಹತ್ತು ಜನರನ್ನು ಬೆದರಿಸಬಲ್ಲ, ಮಂಚದಿಂದ ಏಳದೆ. ಅವನಿಗೆ ನಿಜವಾಗಿ ತಾಗಿದ ಶಿಕ್ಷೆ ಒಂದೇ: ಮೀನಿಲ್ಲದ ಊಟ. ಅದನ್ನೂ ಲೆಕ್ಕ ಹಾಕಿ ಕೊಡಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಕಾರವಾರದಲ್ಲಿದ್ದರೂ ಅಷ್ಟಕ್ಕಷ್ಟೇ.

ರಾಯಚೂರಿನವರು ಸುಮ್ಮನಿರುತ್ತಾರೆಯೇ? ಅವರಲ್ಲೂ ನಾಲ್ಕು ಜನ ಇದ್ದಾರೆ. ಜೀಪು ಖಾಲಿ ಹಿಂತಿರುಗುವುದು ನಷ್ಟ ಎಂದು ಅದರಲ್ಲೇ ಕೂರಿಸಿ ಕಳಿಸಿದರು. ರಾಜ್ಯದ ಒಟ್ಟು ಪುಂಡರ ಲೆಕ್ಕ ಸರಿಸಮ. ಇಲ್ಲಿನ ಕಡಲ ತಡಿಯ ಗಾಳಿ ಅವರಿಗೆ ಹಿಡಿಸಿತಂತೆ.

ಅವಧಿಯ ವಿಷಯದಲ್ಲಿ ಶಿರಸಿಯವರ ಜಾಣತನ ಬೇರೆಯೇ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ: 2022, 2024, 2026. ಜಾತ್ರೆ ಮುಗಿದ ಮರುವಾರ ಒಂದು ವರ್ಷಕ್ಕೆ ಕಳಿಸಿದರೆ ಕಾನೂನಿಗೂ ಮಾನ, ಆಸಾಮಿಗೂ ಮಾನ. ಮುಂದಿನ ಜಾತ್ರೆಗೆ ಅಂಗಡಿ ಜಾಗದ ಹರಾಜು ಕೂಗುವ ಹೊತ್ತಿಗೆ ಅವನು ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಹಾಜರ್. ಪಾಂಡವರಿಗೆ ಹನ್ನೆರಡು ವರ್ಷ ವನವಾಸದ ಮೇಲೆ ಒಂದು ವರ್ಷ ಅಜ್ಞಾತವಾಸ, ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ. ದುರ್ಯೋಧನನ ಕಚೇರಿಯಲ್ಲಿ ಆದೇಶ ಬರೆಯುವವರು ಬುದ್ಧಿವಂತರಿದ್ದರು.

ಮುನ್ನೂರ ಅರವತ್ತೈದನೆಯ ದಿನ ನಾಲ್ವರೂ ಇಳಿದರು. ಬಸ್‌ಸ್ಟ್ಯಾಂಡಿನೆದುರು ಹತ್ತಡಿ ಅಗಲ, ಎಂಟಡಿ ಎತ್ತರದ ಫ್ಲೆಕ್ಸು: ಕಪ್ಪು ಕನ್ನಡಕ, ಕೈಮುಗಿದ ಚಿತ್ರ, "ಜನಾನುರಾಗಿ ಅಣ್ಣನವರಿಗೆ ಹಾರ್ದಿಕ ಸುಸ್ವಾಗತ". ಕೆಳಗೆ ಶುಭ ಕೋರುವವರ ಸಾಲು. ಗುಮಾಸ್ತ ಆ ಹೆಸರುಗಳನ್ನು ಓದಿ, ಕಚೇರಿಗೆ ಹೋಗಿ, ಕಡತದ ಮುಚ್ಚಿದ ಲಕೋಟೆ ತೆಗೆದು ನೋಡಿದ. ಗುಪ್ತ ಹೇಳಿಕೆ ಕೊಟ್ಟ ಏಳೂ ಜನ ಫ್ಲೆಕ್ಸಿನಲ್ಲಿದ್ದರು, ಫೋಟೊ ಸಮೇತ.