ತಮಟೆಗೆ ಕಾಲು ಯಾಕೆ ಸೋಲುತ್ತದೆ?

ಕಳೆದ ಗಣೇಶನ ಹಬ್ಬಕ್ಕೆ ಬೆಂಗಳೂರಿಗೆ ಬಂದಿದ್ದೆ. ರಾತ್ರಿ ಹನುಮಂತನಗರದ ನಮ್ಮ ಮನೆ ಮುಂದೆಯೇ ಮೆರವಣಿಗೆ ನಿಂತಿತು. ಗಣಪ ಯಡಿಯೂರು ಕೆರೆ ಕಡೆ ಹೊರಟಿದ್ದ. ತಮಟೆ ಹುಡುಗರು ಹಳೇ ಪೇಪರ್ ಗುಡ್ಡೆ ಹಾಕಿ, ಬೆಂಕಿ ಹಚ್ಚಿ, ತಮಟೆ ಕಾಯಿಸಿಕೊಂಡರು. ಚರ್ಮ ಬಿಗಿಯಾದ ಮೇಲೆ ಬಿತ್ತು ನೋಡಿ ಏಟು! ಬೆಳಗ್ಗೆಯಿಂದ ಮಂಡಿ ನೋವು ಅಂತ ಗೊಣಗುತ್ತಿದ್ದ ಅಮ್ಮ ಗೇಟು ಹಿಡಿದುಕೊಂಡೇ ಹೆಗಲು ಕುಣಿಸುತ್ತಿದ್ದರು.

ನಾನಿರುವುದು ಕೆನಡಾದ ಹ್ಯಾಮಿಲ್ಟನ್ನಿನಲ್ಲಿ. ಅಲ್ಲಿ ಸಂಗೀತ ಕೇಳಲು ಹೋದರೆ ಜನ ಕೆಮ್ಮುವುದಕ್ಕೂ ಬಿಡುವು ಕಾಯುತ್ತಾರೆ. ಒಮ್ಮೆ ಪಿಟೀಲು ಕೇಳುತ್ತಾ ಸುಮ್ನೆ ತೊಡೆ ತಟ್ಟಿದೆ. ಪಕ್ಕದ ಅಜ್ಜಿ ನೋಡಿದ ನೋಟಕ್ಕೆ ಕೈ ತಾನಾಗೇ ಜೇಬಿಗೆ ಹೋಯಿತು. ಚಿಕ್ಕವನಿದ್ದಾಗ ಅಪ್ಪ ಕರೆದುಕೊಂಡು ಹೋಗುತ್ತಿದ್ದ ಚಾಮರಾಜಪೇಟೆಯ ರಾಮೋತ್ಸವದ ಸಂಗೀತ ಕಚೇರಿಗಳಲ್ಲಾದರೆ ತಾಳ ಹಾಕದೆ ಕೂತವನೇ ವಿಚಿತ್ರ ಪ್ರಾಣಿ. ಸಾಲುಸಾಲು ಕೈಗಳು ಒಟ್ಟಿಗೆ ತೊಡೆ ಮೇಲೆ ಬೀಳುತ್ತಿದ್ದವು.

ಇದನ್ನು ಹೇಳಿದರೆ ನಮ್ಮವರು 'ಲಯ ನಮ್ಮ ರಕ್ತದಲ್ಲೇ ಇದೆ' ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಂಥದೇ ಅಜ್ಜಿಯರು ಬೇಸಿಗೆಯಲ್ಲಿ ಪಾರ್ಕಿನ ಬ್ಯಾಂಡಿಗೆ ಕುಣಿಯುವುದನ್ನು ನೋಡಿದ್ದೇನೆ. ಅಲ್ಲಿ ಕೂತು ಕೇಳುವ ಜಾಗ ಬೇರೆ, ಕುಣಿಯುವ ಜಾಗ ಬೇರೆ, ಅಷ್ಟೇ.

ಹಾಗಾದರೆ ಕಾಲನ್ನು ಎಳೆಯುವುದು ಯಾವುದು? ನನಗನ್ನಿಸುವಂತೆ, ಏಟು ತಪ್ಪುವ ಜಾಗ. ಕರ್ನಾಟಕ ಸಂಗೀತದಲ್ಲಿ ಎಂಟು ಎಣಿಕೆಯ ಆದಿತಾಳದ ಎಷ್ಟೋ ಕೃತಿಗಳಲ್ಲಿ ಕೈ ಮೊದಲು ಬೀಳುತ್ತದೆ, ಹಾಡು ಒಂದಿಷ್ಟು ತಡೆದು ಶುರುವಾಗುತ್ತದೆ. ಆ ಸಂದಿಯನ್ನು ಕೇಳುಗ ತನ್ನ ಮೈಯಲ್ಲೇ ತುಂಬಿಕೊಳ್ಳಬೇಕು. ತಮಟೆಯಲ್ಲೂ ಏಟು ಬರಬೇಕಾದ ಕಡೆ ಬಾರದೆ ಪಕ್ಕಕ್ಕೆ ಜಾರುತ್ತದೆ. ಅಲ್ಲಿಗೆ ಹೆಜ್ಜೆ ಬಂದು ಕೂರುತ್ತದೆ. 2014ರಲ್ಲಿ ಸಂಗೀತ ಸಂಶೋಧಕಿ ಮರಿಯಾ ವಿಟೆಕ್ ಮತ್ತವರ ಜೊತೆಗಾರರು ಜನರಿಗೆ ಡ್ರಮ್ಮಿನ ತುಣುಕುಗಳನ್ನು ಕೇಳಿಸಿದ ಅಧ್ಯಯನ ಪ್ರಕಟಿಸಿದರು. ತೀರಾ ಸಲೀಸಾದ ಬಡಿತಕ್ಕೂ, ತೀರಾ ಗೋಜಲಾದದ್ದಕ್ಕೂ ಕುಣಿಯುವ ಆಸೆ ಕಡಿಮೆ. ನಡುವಿನದಕ್ಕೇ ಜಾಸ್ತಿ.

ಅದಕ್ಕೇ ತಮಟೆ ಬಿಟ್ಟು ಲಾರಿ ಮೇಲೆ ಡಿಜೆ ಡಬ್ಬ ಪೇರಿಸಿದರೆ ನನಗೆ ಸಿಟ್ಟು ಬರುತ್ತದೆ. ಒಂದೇ ಸಮ ಧಡ್ ಧಡ್, ಸಂದಿಯೇ ಇಲ್ಲ. ಆದರೆ ನನ್ನ ಬಾಯಿ ಮುಚ್ಚಿಸಿದ್ದೂ ಹ್ಯಾಮಿಲ್ಟನ್ನೇ. ಅಲ್ಲಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಕ್ರಮವೊಂದರಲ್ಲಿ, ಕಿವಿಗೆ ಗೊತ್ತೇ ಆಗದಂಥ ತಗ್ಗಿನ ಸದ್ದಿನ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ ಆರಿಸಿದರು. ಹಾಕಿದ್ದಾಗ ಜನರ ಕುಣಿತ ಸರಾಸರಿ ಶೇ 11.8ರಷ್ಟು ಹೆಚ್ಚಿತಂತೆ. 2022ರ ವರದಿ ಇದು. ಅಂದರೆ ಆ ಡಬ್ಬಗಳಿಗೂ ಕಾಲು ಎಳೆಯುವ ಶಕ್ತಿ ಇದೆ, ಒಪ್ಪಲೇಬೇಕು. ಜನರನ್ನು ಕುಣಿಸಲಿ ಬಿಡಿ, ನಮ್ಮನೆ ಕಿಟಕಿ ಗಾಜನ್ನೂ ಯಾಕೆ ಕುಣಿಸಬೇಕು?

ತಮಟೆಯದು ಚುರುಕಾದ, ಕಿವಿಗೆ ಚುಚ್ಚುವ ಸದ್ದು. ಎದೆ ಗುದ್ದುವ ತಗ್ಗಿನ ಸದ್ದಲ್ಲ. ಆದರೂ ಅಮ್ಮನ ಹೆಗಲು ಕುಣಿಯಿತು, ಅಲ್ವಾ? ಜೊತೆಗೆ ತಮಟೆಯವನು ಕುಣಿಯುವವರ ಕಾಲು ನೋಡಿಕೊಂಡೇ ಬಾರಿಸುತ್ತಾನೆ. ಸುಸ್ತಾದರೆ ಇಳಿಸುತ್ತಾನೆ, ಯಾರಾದರೂ ಜಿಗಿದರೆ ಏರಿಸುತ್ತಾನೆ. ಕೆನಡಾದಲ್ಲಿ ನಾವು ಗಣೇಶನ ಹಬ್ಬಕ್ಕೆ ಶಾಲೆಯ ಜಿಮ್ ಬಾಡಿಗೆಗೆ ಹಿಡಿದು, ಫೋನಿನಲ್ಲಿ ತಮಟೆ ಹಾಕುತ್ತೇವೆ. ಮೂರು ನಿಮಿಷ ಕುಣಿದು ಪುಳಿಯೋಗರೆ ಸಾಲಿಗೆ ಹೋಗುತ್ತೇವೆ. ಫೋನು ಯಾರ ಕಾಲನ್ನು ನೋಡೀತು?

ಮೆರವಣಿಗೆ ಮುಂದೆ ಹೋದ ಮೇಲೆ, "ಅಮ್ಮಾ, ಮಂಡಿ ಹೇಗಿದೆ?" ಅಂದೆ.

"ಹೋಗೋ, ನಾನೆಲ್ಲಿ ಕುಣಿದೆ? ಗೇಟು ಅಲ್ಲಾಡ್ತಿತ್ತು" ಅಂದರು.