ಹಂದಿಯನ್ನು ಬೈದು ಏನು ಪ್ರಯೋಜನ?

ಜರ್ಮನಿಯ ನಮ್ಮ ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದರೆ ಬೆಳಗಿನ ತಿಂಡಿಗೆ 'ಮೆಟ್' ಇರುತ್ತದೆ. ಬ್ರೆಡ್ಡಿನ ಮೇಲೆ ಹಸಿ ಹಂದಿಮಾಂಸದ ಕೈಮಾ, ಅದರ ಮೇಲೊಂದಿಷ್ಟು ಈರುಳ್ಳಿ. ಮೂಡಿಗೆರೆ ಕಡೆಯವನಾದ ನನಗೆ ಹಂದಿಮಾಂಸ ಹೊಸದಲ್ಲ, ಕಡುಬಿನ ಜೊತೆ ಬೇಕೇ ಬೇಕು. ಆದರೆ ಹಸಿ! ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ. "ಥೂ, ಲಾಡಿಹುಳು ಆಗುತ್ತೆ ಕಣೋ, ಮುಟ್ಟಬೇಡ" ಅಂದರು.

ಇಲ್ಲಿಯವರಿಗೆ ಆ ಭಯವೇ ಇಲ್ಲ. ಯಾಕಿರಬೇಕು? ಹಂದಿ ಬೀದಿ ಸುತ್ತುವುದಿಲ್ಲ. ಕಡಿದ ಮೇಲೆ ಪರೀಕ್ಷೆಯಾಗಿ ಸೀಲು ಬೀಳದೆ ಮಾಂಸ ಅಂಗಡಿಗೆ ಬರುವುದಿಲ್ಲ. ಇದಕ್ಕೆ 1900ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ.

ನಮ್ಮಲ್ಲಿ ಬೈಗುಳವೆಲ್ಲ ಹಂದಿಗೆ, ಹಂದಿ ಸಾಕುವವರಿಗೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಹಂದಿಗೆ ಈ ರೋಗ ಅಂಟಿಸುವವರು ನಾವೇ ಅಲ್ವಾ? ಲಾಡಿಹುಳು ಬೆಳೆದು ಮೊಟ್ಟೆ ಇಡುವುದು ಮನುಷ್ಯನ ಕರುಳಿನಲ್ಲಿ. ಅಂಥವನು ಬಯಲಿಗೆ ಕೂತು ಬಂದ ಜಾಗಕ್ಕೆ ಹಂದಿ ಬಾಯಿ ಹಾಕಿದರೆ ಅದರ ಮಾಂಸದಲ್ಲಿ ಮರಿಹುಳುವಿನ ಗುಳ್ಳೆಗಳಾಗುತ್ತವೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವನ ಹೊಟ್ಟೆಯಲ್ಲಿ ಮತ್ತೆ ಹುಳು.

"ನಾವು ಮಾಂಸಾನೇ ಮುಟ್ಟಲ್ಲ" ಅನ್ನುವವರೂ ಆರಾಮಾಗಿ ಇರುವ ಹಾಗಿಲ್ಲ. ಕೊಳಕು ಕೈ, ನೀರು, ತೊಳೆಯದ ಸೊಪ್ಪಿನ ಮೂಲಕ ಆ ಮೊಟ್ಟೆ ಒಳಗೆ ಹೋದರೆ ಮರಿಹುಳು ಮಿದುಳಿಗೇ ಹೋಗಿ ಗುಳ್ಳೆ ಕಟ್ಟಬಹುದು. ಆಗ ಫಿಟ್ಸ್. ಈ ಹುಳು ಬೇರೂರಿರುವ ಎಷ್ಟೋ ಕಡೆ ನೂರು ಮೂರ್ಛೆರೋಗಿಗಳಲ್ಲಿ ಸುಮಾರು 30 ಮಂದಿಗೆ ಇದೇ ಕಾರಣ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಕೈಗೆ ಕಬ್ಬಿಣ ಕೊಟ್ಟು ಸುಮ್ನಾಗುತ್ತೇವೆ.

ನಮ್ಮ ಕಡೆಯ ತೋಟಗಳನ್ನೇ ನೋಡಿ. ಕಾಫಿ ಕೊಯ್ಲಿಗೆ ಹೊರಗಿನಿಂದ ಆಳುಗಳು ಬರುತ್ತಾರೆ. ಗಿಡಕ್ಕೆ ಸ್ಪ್ರಿಂಕ್ಲರ್ ಇದೆ, ಆಳುಗಳಿರುವ ಲೈನ್ ಮನೆಗೆ ಕಕ್ಕಸಿಲ್ಲ. ಅವರು ಹಳ್ಳದ ಬದಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಚಿಕ್ಕಪ್ಪನನ್ನು ಕೇಳಿದೆ. "ಈ ಕೊಯ್ಲು ಮುಗೀಲಿ ಮಗ, ಕಟ್ಟಿಸಣ" ಅಂದರು. ಹೋದ ಕೊಯ್ಲಿನಲ್ಲೂ ಅದನ್ನೇ ಅಂದಿದ್ದರು.

ಎಲ್ಲ ತೋಟದವರೂ ಹೀಗೇ ಅಂತಲ್ಲ. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ಊರೊಳಗೆ ಕಕ್ಕಸು ಜಾಸ್ತಿಯಾಗಿವೆ, ಒಪ್ಪುತ್ತೇನೆ. ಶೆಡ್ಡು ಹಾಕಿ ಹಂದಿ ಸಾಕುವ ಹುಡುಗರೂ ಇದ್ದಾರೆ. ಹಂದಿಗೆ ಈ ರೋಗ ಬಾರದಂತೆ ಹಾಕುವ 'ಸಿಸ್ವ್ಯಾಕ್ಸ್' ಲಸಿಕೆಯನ್ನು ತಯಾರಿಸುವುದೂ ಹೈದರಾಬಾದಿನ ಕಂಪನಿಯೇ. ಈ ಜರ್ಮನಿಯ ಹಂದಿಗಳಲ್ಲೋ, ಬಹಳಷ್ಟು ಹಂದಿಗಳು ಬಿಸಿಲನ್ನೇ ಕಾಣದೆ ಸಾಯುತ್ತವೆ. ಅದೇನು ಹೊಗಳುವ ಬಾಳಲ್ಲ. ಮತ್ತೆ ನಮ್ಮ ಅಡುಗೆ! ಸೌದೆ ಒಲೆಯ ಮೇಲೆ ಅಷ್ಟು ಹೊತ್ತು ಕುದ್ದ ಹಂದಿ ಸಾರಿನಲ್ಲಿ ಯಾವ ಗುಳ್ಳೆಯೂ ಉಳಿಯುವುದಿಲ್ಲ. ಚಿಕ್ಕಮ್ಮನ ಸಾರಿನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಪಕ್ಕದಲ್ಲಿ ನೆಂಚಿಕೊಳ್ಳಲು ಇಡುವ ಸೌತೆಕಾಯಿಯ ಮೇಲೆ, ಅದನ್ನು ತೊಳೆದ ಹಳ್ಳದ ನೀರಿನ ಮೇಲೆ, ಇಲ್ಲ.