ನೂರು ಮೀಟರ್ ಟೇಪು ಮತ್ತು ನಮ್ಮೂರ ಗುಡ್ಡ

ಮಧ್ಯಾಹ್ನ ಊಟಕ್ಕೆ ಕೂತಾಗ ಅಡುಗೆಮನೆ ಸ್ಟ್ಯಾಂಡಿನ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅನ್ನುತ್ತವೆ. ಅಮ್ಮ ತಲೆ ಎತ್ತದೆ "ಹೊಡೆದ್ರು" ಅನ್ನುತ್ತಾರೆ. ಹಾಸನ ಜಿಲ್ಲೆಯ ನಮ್ಮೂರಲ್ಲಿ ಗುಡ್ಡದ ಆ ಕಡೆ ಕಲ್ಲು ಕ್ವಾರಿ ಇದೆ. ನಮ್ಮ ಮನೆಯಿಂದ ಸುಮಾರು ಒಂದು ಕಿಲೋಮೀಟರ್.

ಲೋಟ ಬಿಡಿ. ನಮ್ಮ ಕೆರೆ ಏರಿ ಪಕ್ಕ ಒಂದು ವೀರಗಲ್ಲು ಇದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಲಿಂಗ. ಈ ಸಲ ಊರಿಗೆ ಹೋದಾಗ ನೋಡಿದರೆ ನಡುವಿನ ಪಟ್ಟಿಗೆ ಅಡ್ಡ ಬಿರುಕು, ಉಗುರು ತೂರುವಷ್ಟು. ಕ್ವಾರಿಯಿಂದಲೇ ಬಂತು ಅಂತ ನಾನು ಆಣೆ ಮಾಡಲಾರೆ, ಬಿಸಿಲು ಮಳೆಗೂ ಬರಬಹುದು. ಆದರೆ ಬಂದು ಅಳೆದು ನೋಡಿದವರು ಯಾರಿದ್ದಾರೆ?

ಕಾನೂನು ಇಲ್ಲ ಅಂತಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ನು 2010ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅಂದರೆ ಹೊಸದಾಗಿ ಕಟ್ಟುವಂತಿಲ್ಲ, ಗಣಿ ತೆಗೆಯುವಂತಿಲ್ಲ; ಅದರಾಚೆ 200 ಮೀಟರ್ ನಿಯಂತ್ರಿತ, ಅಂದರೆ ಅನುಮತಿ ಬೇಕು. ಹಳೇಬೀಡಿನಲ್ಲಿ ದೇವಸ್ಥಾನದ ಪಕ್ಕ ಮನೆ ಇರುವವರು ಸೋರುವ ಸೂರು ರಿಪೇರಿ ಮಾಡಿಸುವುದಕ್ಕೂ ಅರ್ಜಿ ಹಿಡಿದುಕೊಂಡು ಓಡಾಡಬೇಕು. ಸರಿ, ಇರಲಿ. ಆದರೆ 301ನೇ ಮೀಟರಿಗೆ ಆ ಟೇಪು ಮುಗಿಯುತ್ತೆ, ಸಿಡಿಮದ್ದಿನ ಅದುರು ಮುಗಿಯುತ್ತಾ? ಅದು ಎಷ್ಟು ದೂರ ಹೋಗುತ್ತೆ ಅನ್ನುವುದು ಒಂದೇ ಸಲಕ್ಕೆ ಎಷ್ಟು ಮದ್ದು ಸಿಡಿಸಿದರು, ನಡುವೆ ಬಂಡೆ ಇದೆಯಾ ಮಣ್ಣಿದೆಯಾ ಅನ್ನುವುದರ ಮೇಲೆ ನಿಂತಿದೆ. ಮನೆ ಕಟ್ಟುವವರಿಗೂ ಬಂಡೆ ಸಿಡಿಸುವವರಿಗೂ ಒಂದೇ ಅಳತೆ ಹೇಗೆ ಸಾಲುತ್ತೆ ಅಂತ.

2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಚಿತ್ತೋರಗಢ ಕೋಟೆ ಗೋಡೆಯಿಂದ 5 ಕಿಲೋಮೀಟರ್ ಒಳಗೆ ಸಿಡಿಮದ್ದು ಇಟ್ಟು ಗಣಿಗಾರಿಕೆ ಮಾಡಬಾರದು ಅಂದಿತು. ಅದೇ ತಿಂಗಳು ನಮ್ಮ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂದಿತು. ನೋಡಿ, 300 ಮೀಟರ್ ಎಲ್ಲಿ, 5 ಕಿಲೋಮೀಟರ್ ಎಲ್ಲಿ! ಪಕ್ಕದ ಚಿಕ್ಕಮಗಳೂರಿನ ಕುದುರೆಮುಖಕ್ಕೂ ಕೋರ್ಟೇ ಬರಬೇಕಾಯಿತು. 2002ರಲ್ಲಿ ತೀರ್ಪು, 2005ರ ಕೊನೆಗೆ ಅದಿರು ತೆಗೆಯುವುದು ಬಂದ್. ಅಷ್ಟು ಹೊತ್ತಿಗೆ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಹೋಗಿತ್ತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾನೂ ಸ್ಟೇಟಸ್ ಹಾಕಿದ್ದೆ. ಖುಷಿಯೇ. ಅವಕ್ಕೆ ಬೇಲಿ ಇದೆ, ಬೋರ್ಡ್ ಇದೆ, ಕಾವಲುಗಾರರಿದ್ದಾರೆ. ಯಾವ ಪಟ್ಟಿಯಲ್ಲೂ ಇಲ್ಲದ ವೀರಗಲ್ಲು, ಮಾಸ್ತಿಕಲ್ಲು, ಪಾಳು ಗುಡಿಗಳಿಗೆ ಆ 100 ಮೀಟರೂ ಇಲ್ಲ. ಹಾಸನ ಜಿಲ್ಲೆಯ ಹೊಲಗಳಲ್ಲಿ ಇಂಥವು ಎಷ್ಟಿವೆ ಅಂತ ನಿಮಗೇ ಗೊತ್ತಲ್ವಾ. ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿವೆ, ಅದು ನಮ್ಮ ತಪ್ಪೇ ಬಿಡಿ. ಜಲ್ಲಿ ಬೇಡ ಅಂತಾನೂ ನಾನು ಹೇಳ್ತಿಲ್ಲ, ನಮ್ಮ ಮನೆ ತಾರಸಿಯೂ ಜಲ್ಲಿಯದೇ. ಗುಡ್ಡ ಲೀಸಿಗೆ ಕೊಡುವ ಮೊದಲು ಅಧಿಕಾರಿಗಳು ಊರಿನ ಇಬ್ಬರು ಹಿರಿಯರ ಜೊತೆ ಅಲ್ಲಿ ಒಂದು ದಿನ ನಡೆದು, ಇರುವುದನ್ನೆಲ್ಲ ಬರೆದುಕೊಳ್ಳಲಿ. ಎಷ್ಟು ದೂರ ಬಿಡಬೇಕು ಅನ್ನುವುದನ್ನು ಅದುರು ಅಳೆದು ಹೇಳಲಿ. ಕಾಯ್ದೆಯಲ್ಲೇ ಅದನ್ನು ಬರೆಯಲಿ, ಪ್ರತಿ ಗುಡ್ಡಕ್ಕೂ ಒಬ್ಬರು ಕೋರ್ಟಿಗೆ ಅಲೆಯೋಕೆ ಆಗಲ್ಲ.

ಹೋದ ತಿಂಗಳು ಒಂದು ಆಫೀಸಿಗೆ ಅರ್ಜಿ ಕೊಡೋಕೆ ಹೋಗಿದ್ದೆ. ಟೇಬಲ್ ಹಿಂದೆ ಕೂತಿದ್ದವರು ಓದಿ, ಒಳ್ಳೆ ಮಾತಲ್ಲೇ ಕೇಳಿದರು: "ಸಾರ್, ನಿಮ್ಮ ಕಲ್ಲಿಗೆ ಏನಾದ್ರೂ ನಂಬರ್ ಇದೆಯಾ?" ಇಲ್ಲ ಅಂದೆ. ಕ್ವಾರಿಗೆ ಇದೆಯಂತೆ.